ನೆರೆದವರು, ನೆರೆಯವರು

ಇವತ್ತು ನವೆಂಬರ್ ತಿಂಗಳ ಮೂರನೇ ಭಾನುವಾರ. ರಸ್ತೆ ಅಪಘಾತಗಳಲ್ಲಿ ತೀರಿಕೊಂಡವರನ್ನು ನೆನೆಯುವುದಕ್ಕೆ ಅಂತಲೇ ಗೊತ್ತು ಮಾಡಿರುವ ದಿನ ಇದು. 2005ರಲ್ಲಿ ವಿಶ್ವಸಂಸ್ಥೆ ಇದನ್ನು ಒಪ್ಪಿಕೊಂಡಿತು. ಪ್ರೇಮಿಗಳ ದಿನ ನಮಗೆಲ್ಲ ಗೊತ್ತು, ಅಪ್ಪಂದಿರ ದಿನವೂ ಗೊತ್ತು. ಈ ದಿನ ಗೊತ್ತಿರುವವರು ಬಹಳ ಕಡಿಮೆ. ನಿಜ ಹೇಳಬೇಕು ಅಂದರೆ ಎಲ್ಲರಿಗಿಂತ ಹೆಚ್ಚಾಗಿ ಇದು ಗೊತ್ತಿರಬೇಕಾದದ್ದು ನಮಗೆ. 2022ನೇ ಇಸವಿ ಒಂದರಲ್ಲೇ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಗಂಟೆಗೆ 19 ಜನ. ನಾನು ಈ ಅರ್ಧ ಗಂಟೆಯ ಕಾರ್ಯಕ್ರಮ ಮುಗಿಸುವಷ್ಟರಲ್ಲಿ ಒಂಬತ್ತು ಮನೆಗಳಿಗೆ ಫೋನ್ ಹೋಗಿರುತ್ತದೆ.

ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ತಲೆ ತಿರುಗುತ್ತದೆ, ಎದೆಗೆ ಇಳಿಯುವುದಿಲ್ಲ. ಅದಕ್ಕೇ ಇವತ್ತು ಅದರ ಬಗ್ಗೆ ಚರ್ಚೆ ಇಟ್ಟುಕೊಂಡಿಲ್ಲ. ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನಮ್ಮ ಮನೆಗೆ ತೀರಾ ಬೇಕಾದವನು. ಹೆಸರು ಹೇಳುವುದಿಲ್ಲ, ಫೋಟೊ ತೋರಿಸುವುದಿಲ್ಲ. "ಅವನ ವಿಷ್ಯ ಹೇಳವ್ವ, ಹೆಸರು ಬೇಡ" ಅಂದಿದ್ದಾರೆ ಅವರಮ್ಮ. ಯಾಕೆ ಅನ್ನುವುದು ಕೇಳ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತೆ.

ಮಳವಳ್ಳಿಯಲ್ಲಿ ನಮ್ಮಪ್ಪ, ಅವನಪ್ಪ ಇಬ್ಬರೂ ಲೈನ್‌ಮನ್. ಕೆಇಬಿ ಕ್ವಾರ್ಟರ್ಸ್‌ನಲ್ಲಿ ಅಕ್ಕಪಕ್ಕದ ಮನೆ, ಮಧ್ಯೆ ಒಂದೇ ಗೋಡೆ. ಇಲಾಖೆಯ ಹೆಸರು ಆಮೇಲೆ ಬದಲಾಯಿತು, ನಮ್ಮೂರಿಗೆ ಮಾತ್ರ ಅದು ಇವತ್ತಿಗೂ ಕೆಇಬಿನೇ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ತಾಲ್ಲೂಕು ನಮ್ಮದು. ಆ ಕ್ವಾರ್ಟರ್ಸ್‌ನಲ್ಲಿ ಮಾತ್ರ ವಾರಕ್ಕೆ ನಾಲ್ಕು ದಿನ ಕರೆಂಟು ಹೋಗೋದು. ಹೋದಾಗೆಲ್ಲ ಎರಡು ಮನೆಯವರೂ ಜಗುಲಿಗೆ ಬಂದು ಕೂರೋರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಹುಟ್ಟಿದವನು ಅವನು. ಎತ್ತಿ ಆಡಿಸಿದವಳು ನಾನು. ಹಾಗಾಗಿ ನಾನು ಅವನಿಗೆ ಅಕ್ಕ.

ಅವರದು ಕ್ರೈಸ್ತ ಕುಟುಂಬ. ನಮ್ಮ ಜಿಲ್ಲೆಗೆ ಈ ನಂಬಿಕೆ ಹೊಸದೇನಲ್ಲ. ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಅಬ್ಬೆ ಡುಬೋಯ್ ಅನ್ನುವ ಫ್ರೆಂಚ್ ಪಾದ್ರಿಯನ್ನು ಜನ ದೊಡ್ಡಸ್ವಾಮಿ ಅಂತ ಕರೆಯುತ್ತಿದ್ದರು. ಸಿಡುಬಿಗೆ ಲಸಿಕೆ ಅನ್ನುವುದು ಆಗಷ್ಟೇ ಬಂದಿತ್ತು. ಜನರನ್ನು ಒಪ್ಪಿಸಿ ಆ ಲಸಿಕೆ ಹಾಕಿಸಲು ಓಡಾಡಿದ ಮನುಷ್ಯ ಅವರು. ಗಂಜಾಮಿನಲ್ಲಿ ಅವರ ಕಾಲದ ಚರ್ಚು ಇವತ್ತಿಗೂ ಇದೆ. ಆದರೆ ಕ್ವಾರ್ಟರ್ಸ್‌ನ ಮಕ್ಕಳಾದ ನಮಗೆ ಈ ಚರಿತ್ರೆಯೆಲ್ಲ ಎಲ್ಲಿ ಗೊತ್ತಿತ್ತು? ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳುಬೆಲ್ಲ ಅವರ ಮನೆಗೆ ಹೋಗುತ್ತೆ, ಕ್ರಿಸ್‌ಮಸ್‌ಗೆ ಅವರ ಮನೆಯ ಕಜ್ಜಾಯ ನಮ್ಮ ಮನೆಗೆ ಬರುತ್ತೆ. ನಮಗೆ ಗೊತ್ತಿದ್ದದ್ದು ಅಷ್ಟೇ.

ಮತ್ತೆ ಗೋದಲಿ. ಏಸು ಹುಟ್ಟಿದ ದನದ ಕೊಟ್ಟಿಗೆಯನ್ನು ಕ್ರಿಸ್‌ಮಸ್‌ಗೆ ಮನೆಯ ಮೂಲೆಯಲ್ಲಿ ಗೊಂಬೆ ಇಟ್ಟು ಮಾಡ್ತಾರಲ್ಲ, ಅದು. ಹತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಹುಲ್ಲು ಬೆಳೆಸಬೇಕು. ಅವನಿಗೆ ಏಳೆಂಟು ವರ್ಷ ಆದ ಮೇಲೆ ಆ ಕೆಲಸ ಪೂರ್ತಿ ಅವನದೇ. ಅವನ ಬೆತ್ಲೆಹೇಮಿಗೆ ವಿಶ್ವೇಶ್ವರಯ್ಯ ನಾಲೆ ಬರುತ್ತಿತ್ತು. ಪಿವಿಸಿ ಪೈಪನ್ನು ಸೀಳಿ ನಾಲೆ ಮಾಡಿ, ನಿಜವಾದ ನೀರು ಬಿಟ್ಟು, ಪಕ್ಕದಲ್ಲಿ ಜೋಳದ ಕಡ್ಡಿ ನೆಟ್ಟು ಕಬ್ಬಿನ ಗದ್ದೆ ಅನ್ನುತ್ತಿದ್ದ. "ಏನ್ಲಾ ಇದು, ಏಸುಸ್ವಾಮಿ ಮಂಡ್ಯದಲ್ಲಿ ಹುಟ್ಟಿದ್ರಾ?" ಅಂತ ನಮ್ಮಪ್ಪ ಕೇಳಿದರೆ, "ಹುಟ್ಟುದ್ರೆ ನೀರು ಬ್ಯಾಡ್ವಾ ಅಂಕಲ್?" ಅನ್ನೋನು.

ಆಮೇಲೆ ನಮ್ಮಪ್ಪನಿಗೆ ಮದ್ದೂರಿಗೆ ವರ್ಗ ಆಯಿತು. ನಾನು ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಓದಿದ್ದಕ್ಕೂ ಹಿಡಿದ ಕೆಲಸಕ್ಕೂ ಸಂಬಂಧ ಇಲ್ಲದೆ ಕ್ಯಾಮೆರಾ ಮುಂದೆ ಬಂದು ಕೂತೆ. ಅವನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬಿಡದಿ ಕಡೆ ಒಂದು ಕಾರ್ಖಾನೆಗೆ ಸೇರಿದ. ವಾರಕ್ಕೊಂದು ಸಲ ಊರಿಗೆ ಬರೋನು, ಯಾಕೆಂದರೆ ಭಾನುವಾರದ ಪೂಜೆಗೆ ಚರ್ಚಿನಲ್ಲಿ ಕೀಬೋರ್ಡ್ ನುಡಿಸೋನು ಅವನೇ. ಮದ್ದೂರು ದಾಟುವಾಗ ಎಷ್ಟೋ ಸಲ ನಮ್ಮ ಮನೆಗೆ ಬಂದು ಊಟ ಮಾಡಿ ಹೋಗೋನು. "ಟೀವೀಲಿ ಹಂಗ್ ಕೂಗಾಡ್ತೀಯ, ಮನೇಲಿ ಯಾಕಕ್ಕ ಇಷ್ಟು ಮೆತ್ತಗಿದ್ದೀಯ?" ಅಂತ ನಮ್ಮಮ್ಮನ ಮುಂದೆ ರೇಗಿಸೋನು.

ಮೂರು ವರ್ಷ ಆಗ್ತಾ ಬಂತು. ಡಿಸೆಂಬರ್ ತಿಂಗಳು, ಶನಿವಾರ ರಾತ್ರಿ. ಶಿಫ್ಟ್ ಮುಗಿಸಿಕೊಂಡು ಬೈಕಿನಲ್ಲಿ ಹೊರಟಿದ್ದ. ಬೆಳಗ್ಗೆ ಎದ್ದು ರಾಗಿ ಚೆಲ್ಲಬೇಕಿತ್ತು. ಮದ್ದೂರು ದಾಟಿ, ಕೆ.ಎಂ. ದೊಡ್ಡಿ ಇನ್ನೂ ಬಂದಿರಲಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರೇಡಿಯಂ ಇಲ್ಲ, ಒಂದು ಕೆಂಪು ಬಟ್ಟೆಯೂ ಇಲ್ಲ. ಅವನು ಹೆಲ್ಮೆಟ್ ಹಾಕಿದ್ದ. ಕುಡಿಯುವ ಅಭ್ಯಾಸ ಇರಲಿಲ್ಲ. ವೇಗವೂ ವಿಪರೀತ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಇಲ್ಲಿ ನಾನು ಓದಿದ ಎಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ, ಲೆಕ್ಕ ಹೇಳುತ್ತೇನೆ ಕೇಳಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ಕೈ ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಬೈಕು 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲುವುದಕ್ಕೆ ಇನ್ನೊಂದು 23 ಮೀಟರ್. ಒಟ್ಟು 48. ಎದುರು ವಾಹನ ಬಂದಾಗ ಡಿಮ್ ಮಾಡಿಕೊಂಡು ಓಡಿಸುವವನಿಗೆ, ಒಣಗಿದ ಕಬ್ಬಿನ ಸೋಗೆಯಂಥ ಮಣ್ಣಿನ ಬಣ್ಣದ ವಸ್ತು 40 ಮೀಟರ್ ಒಳಗೆ ಬರುವ ತನಕ ಕಾಣುವುದೇ ಇಲ್ಲ. ಲೆಕ್ಕ ಮುಗಿಯಿತು. ಎಷ್ಟೇ ಚುರುಕಾದ ಹುಡುಗನಾದರೂ ಎಂಟು ಮೀಟರ್ ಕಡಿಮೆ ಬೀಳುತ್ತದೆ. ಅದೇ ಟ್ರೇಲರ್‌ನ ಹಿಂದೆ ಅಂಗೈಯಗಲ ಕೆಂಪು ರೇಡಿಯಂ ಅಂಟಿಸಿದ್ದರೆ ಅದರ ಎರಡರಷ್ಟು ದೂರದಿಂದಲೇ ಮಿನುಗುತ್ತಿತ್ತು.

ರಸ್ತೆ ಬದಿಯ ಅಂಗಡಿಯೊಂದರಲ್ಲಿ ಸಿಸಿಟಿವಿ ಇತ್ತು. ಅದರಲ್ಲಿ ಅವನು ಬಿದ್ದದ್ದು ಕಾಣುವುದಿಲ್ಲ, ಆಮೇಲಿನದು ಕಾಣುತ್ತದೆ. ಒಂಬತ್ತು ನಿಮಿಷ. ಐದು ವಾಹನ. ಮೂರು ನಿಧಾನ ಮಾಡಿ ಮುಂದೆ ಹೋದವು. ಒಂದು ನಿಧಾನವನ್ನೂ ಮಾಡಲಿಲ್ಲ. ಐದನೆಯದರಿಂದ ಒಬ್ಬ ಇಳಿದ. ಫೋನ್ ತೆಗೆದು, ಬೆಳಕು ಹಾಕಿ, ಸುಮಾರು ಇಪ್ಪತ್ತು ಸೆಕೆಂಡ್ ಹಿಡಿದುಕೊಂಡು ನಿಂತು, ವಾಪಸ್ ಹತ್ತಿದ. ಟ್ರ್ಯಾಕ್ಟರಿನವನು ಪಂಕ್ಚರ್ ಅಂಗಡಿ ಹುಡುಕಿಕೊಂಡು ಹೋಗಿದ್ದ.

ಆರನೆಯದು ಒಂದು ಲಗೇಜ್ ಆಟೊ. ಮದ್ದೂರಿನ ಮಾರುಕಟ್ಟೆಗೆ ಎಳನೀರು ತುಂಬಿಕೊಂಡು ಹೊರಟಿತ್ತು. ನಿಂತಿತು. ಡ್ರೈವರ್ ಇಳಿದ, ಬಗ್ಗಿ ನೋಡಿದ. ಹಿಂದಕ್ಕೆ ಹೋಗಿ ಎಳನೀರಿನ ಗೊನೆಗಳನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ರಸ್ತೆ ಬದಿಗೆ ಹಾಕಿದ. ಒಬ್ಬ ಮನುಷ್ಯ ಮಲಗುವಷ್ಟು ಜಾಗ ಆದ ಮೇಲೆ ಅವನನ್ನು ಎತ್ತಿ ಮಲಗಿಸಿಕೊಂಡು ಹೊರಟ. ಮದ್ದೂರಿನಲ್ಲಿ ಸೇರಿಸಿದ. ಅವನ ಫೋನಿನಿಂದಲೇ ಅಮ್ಮನಿಗೆ ಕರೆ ಮಾಡಿ, ನರ್ಸ್ ಕೈಗೆ ಫೋನ್ ಕೊಟ್ಟು, ಹೆಸರು ಹೇಳದೆ ಹೊರಟುಹೋದ. ಅಲ್ಲಿಂದ ಹುಡುಗನನ್ನು ಮಂಡ್ಯಕ್ಕೆ ಕಳಿಸಿದರು.

ಅವನು ಉಳಿಯಲಿಲ್ಲ. ಸೋಮವಾರ ಬೆಳಗಿನ ಜಾವ ಹೋದ. 23 ವರ್ಷ.

ಹಾಗಾದರೆ ಆ ಆಟೊದವನು ನಿಂತು ಏನು ಬಂತು ಅಂತ ಕೇಳುವವರಿದ್ದಾರೆ. ನನ್ನ ಮುಂದೆಯೇ ಕೇಳಿದರು. ಅದಕ್ಕೆ ಉತ್ತರ ಅವರಮ್ಮನ ಹತ್ತಿರ ಇದೆ. ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನ ಜಾವದ ತನಕ ಮೂವತ್ತು ಗಂಟೆಗೆ ಹತ್ತಿರ. ಅದರಲ್ಲಿ ಒಂದಿಷ್ಟು ಹೊತ್ತು ಅವನಿಗೆ ಎಚ್ಚರ ಇತ್ತು. ಅಮ್ಮನ ಕೈ ಹಿಡಿದುಕೊಂಡಿದ್ದ. ಬೈಕ್ ಏನಾಯ್ತು ಅಂತ ಕೇಳಿದ, ಸಾಲದ ಕಂತು ಇನ್ನೂ ಎಂಟು ಇದೆ ಅಂದ. ಟ್ರ್ಯಾಕ್ಟರ್ ಮೇಲೆ ಯಾರಾದರೂ ಇದ್ದರಾ, ಅವರಿಗೇನೂ ಆಗಲಿಲ್ಲ ತಾನೆ ಅಂದ. ಊರಿನಿಂದ ಫಾದರ್ ಬಂದು ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು. ಅವರ ನಂಬಿಕೆಯಲ್ಲಿ ಅದು ಬಹಳ ದೊಡ್ಡದು. "ಅವ್ನು ರೋಡಲ್ಲಿ ಒಬ್ನೇ ಸಾಯ್ಲಿಲ್ಲ ಕಣವ್ವ. ನನ್ ಕೈಲಿ ಕೈ ಇಟ್ಕೊಂಡು ಹೋದ. ಅದನ್ನ ನನಗೆ ಕೊಟ್ಟೋನು ಆ ಆಟೊದವ್ನು" ಅಂತಾರೆ ಆಂಟಿ.

ಸಾವಿನ ಮನೆಯಲ್ಲಿ ಆಡುವ ಮಾತು ಎಲ್ಲ ಧರ್ಮದಲ್ಲೂ ಒಂದೇ. ನಮ್ಮಲ್ಲಿ ಹಣೆಬರಹ ಅಂತೀವಿ, ಅವರಲ್ಲಿ ದೇವರ ಚಿತ್ತ ಅಂತಾರೆ. ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು. ಸುಮ್ಮನೆ ಕೂತಿದ್ದ ಆಂಟಿ ಒಂದು ಸಲ ತಲೆ ಎತ್ತಿ ಹೇಳಿದರು: "ದೇವರ ಚಿತ್ತ ಅಂತ ಮಾತ್ರ ಅನ್ಬೇಡಿ. ಗಾಡಿಗೆ ಕೆಂಪು ಲೈಟ್ ಹಾಕ್ದೆ ಇರೋದು ದೇವರ ಚಿತ್ತ ಹೆಂಗಾಯ್ತದೆ? ನಾವು ಮಾಡೋ ತಪ್ಪನ್ನೆಲ್ಲ ಅವನ ತಲೆಗ್ಯಾಕೆ ಕಟ್ತೀರಿ?" ಮನೆ ನಿಶ್ಶಬ್ದ ಆಯಿತು. ಫಾದರ್ ಅವರನ್ನು ತಿದ್ದಲಿಲ್ಲ. ಲಾಜರ ಅನ್ನುವ ಸ್ನೇಹಿತ ಸತ್ತಾಗ ಅವನ ಸಮಾಧಿಗೆ ಹೋದ ಏಸು ಅತ್ತದ್ದನ್ನು ನೆನಪಿಸಿದರು. ಇನ್ನೊಂದು ಗಳಿಗೆಗೆ ಅವನನ್ನು ತಾನೇ ಎಬ್ಬಿಸಲಿದ್ದೇನೆ ಅಂತ ಗೊತ್ತಿದ್ದವನೂ ಮೊದಲು ಅತ್ತ. ಹಾಗಾಗಿ ಅಳುವುದು ನಂಬಿಕೆ ಕಡಿಮೆ ಆದದ್ದರ ಗುರುತಲ್ಲ ಅಂದರು.

ನಾನು ಆ ಧರ್ಮದವಳಲ್ಲ. ಆದರೆ ಆವತ್ತು ಒಂದು ವಿಷಯ ಅರ್ಥವಾಯಿತು. ನಂಬಿಕೆ ಆ ತಾಯಿಗೆ 'ಯಾಕೆ ಹೀಗಾಯಿತು' ಅನ್ನುವುದಕ್ಕೆ ಉತ್ತರ ಕೊಡಲಿಲ್ಲ. ಬೇರೆ ಪ್ರಶ್ನೆ ಕೇಳುವ ಶಕ್ತಿ ಕೊಟ್ಟಿತು. ಮಗನನ್ನು ಮಣ್ಣು ಮಾಡಿ ಬಂದ ಮೂರನೇ ದಿನ ಅವರು ಕೇಳಿದ್ದು, "ಅವನನ್ನ ಎತ್ಕೊಂಡು ಬಂದೋನು ಯಾರು?" ಅಂತ.

ಹುಡುಕುವುದು ಹೇಗೆ? ಸಿಸಿಟಿವಿಯಲ್ಲಿ ನಂಬರ್ ಕಾಣುತ್ತಿರಲಿಲ್ಲ. ಗುರುತು ಅಂತ ಇದ್ದದ್ದು ರಸ್ತೆ ಬದಿಯಲ್ಲಿ ಬಿದ್ದಿದ್ದ ಎಳನೀರು ಮಾತ್ರ. ಮದ್ದೂರಿನ ಎಳನೀರು ಮಾರುಕಟ್ಟೆ ನಿಮಗೆ ಗೊತ್ತಲ್ಲ, ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಬೆಳಗ್ಗೆ ಬಸ್ ಹತ್ತಿ ಅಲ್ಲಿಗೆ ಹೋಗಿ, ಲಗೇಜ್ ಆಟೊದವರನ್ನು ಒಬ್ಬೊಬ್ಬರನ್ನೇ ಕೇಳಿದರು. ಮೂರನೇ ದಿನ ಸಿಕ್ಕ. ಮೊದಲು ನಾನಲ್ಲ ಅಂದನಂತೆ. ಆಮೇಲೆ ಒಪ್ಪಿಕೊಂಡ. "ಹಿಂದೆ ಒಂದ್ಸಲ ಯಾರನ್ನೋ ಆಸ್ಪತ್ರೆಗೆ ಸೇರ್ಸಿ ನಮ್ಮ ಭಾವ ಮೂರು ವರ್ಷ ಕೋರ್ಟಿಗೆ ಅಲ್ದವ್ನೆ. ನನಗೆ ಎರಡು ಹೆಣ್ಮಕ್ಳು ಅವ್ವಾ" ಅಂದ. ಆಂಟಿ ಹೇಳಿದ್ದು ಇಷ್ಟು: "ನಿನ್ನ ಹೆಸರು ಕೇಳಕ್ಕೆ ಬಂದಿಲ್ಲ ಕಣಪ್ಪ. ನೋಡ್ಕೊಂಡು ಹೋಗನ ಅಂತ ಬಂದೆ." ಎಳನೀರಿನ ದುಡ್ಡು ಕೊಡೋಕೆ ಹೋದರು, ಅವನು ಮುಟ್ಟಲಿಲ್ಲ. ಒಂದು ತಿಂಗಳ ನಂತರದ ಪೂಜೆಗೆ ಮಾತ್ರ ಬಂದಿದ್ದ. ಚಪ್ಪಲಿ ಬಿಟ್ಟು ಬಾಗಿಲ ಹೊರಗೇ ನಿಂತಿದ್ದ. ಆಂಟಿ ಹೋಗಿ ಕೈ ಹಿಡಿದು ಕರೆದುಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು.

ಆವತ್ತು ಫಾದರ್ ಓದಿದ್ದು ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಕಥೆ. ಒಳ್ಳೆಯ ಸಮಾರ್ಯದವನ ಕಥೆ. ಗೊತ್ತಿಲ್ಲದವರಿಗೆ ನನ್ನ ಮಾತಿನಲ್ಲಿ ಹೇಳುತ್ತೇನೆ. ಧರ್ಮಶಾಸ್ತ್ರ ಬಲ್ಲವನೊಬ್ಬ ಏಸುವನ್ನು ಕೇಳುತ್ತಾನೆ: ನೆರೆಯವನನ್ನು ನಿನ್ನ ಹಾಗೇ ಪ್ರೀತಿಸು ಅನ್ನುತ್ತೆ ಶಾಸ್ತ್ರ, ಸರಿ. ಆದರೆ ನನ್ನ ನೆರೆಯವನು ಅಂದರೆ ಯಾರು? ಪ್ರಶ್ನೆ ನೋಡಿ, ಎಂಥಾ ಜಾಣ ಪ್ರಶ್ನೆ. ಎಲ್ಲಿಗೆ ಗೆರೆ ಎಳೆಯಲಿ, ಯಾರನ್ನು ಬಿಡಬಹುದು ಹೇಳು ಅಂತ ಅದರ ಅರ್ಥ. ಏಸು ಉತ್ತರ ಕೊಡುವ ಬದಲು ಕಥೆ ಹೇಳುತ್ತಾನೆ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿ. ಮೂವತ್ತು ಕಿಲೋಮೀಟರ್ ಒಳಗಿನ ದಾರಿ ಅದು, ನಮ್ಮ ಮದ್ದೂರು–ಮಳವಳ್ಳಿ ರಸ್ತೆಯಷ್ಟೇ ಅಂದುಕೊಳ್ಳಿ. ಕಳ್ಳರು ಒಬ್ಬನನ್ನು ಹೊಡೆದು ಬಿಸಾಡಿರುತ್ತಾರೆ. ಪುರೋಹಿತ ಬರುತ್ತಾನೆ, ನೋಡುತ್ತಾನೆ, ಆ ಬದಿಯಿಂದ ದಾಟಿ ಹೋಗುತ್ತಾನೆ. ದೇವಾಲಯದ ಸೇವೆಯ ಇನ್ನೊಬ್ಬ ಬರುತ್ತಾನೆ, ಅವನೂ ಹಾಗೇ. ಮೂರನೆಯವನು ಸಮಾರ್ಯದವನು. ಕೇಳುತ್ತಿದ್ದ ಜನರಿಗೆ ಸಮಾರ್ಯದವರನ್ನು ಕಂಡರೆ ಆಗುತ್ತಿರಲಿಲ್ಲ. ಅವನು ನಿಲ್ಲುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ತರುತ್ತಾನೆ. ಎರಡು ದಿನದ ಕೂಲಿಯಷ್ಟು ದುಡ್ಡು ಛತ್ರದವನ ಕೈಗೆ ಕೊಟ್ಟು, ಹೆಚ್ಚಿಗೆ ಆದರೆ ವಾಪಸ್ ಬರುವಾಗ ಕೊಡ್ತೀನಿ ಅನ್ನುತ್ತಾನೆ.

ಕಥೆ ಮುಗಿಸಿ ಏಸು ಪ್ರಶ್ನೆಯನ್ನೇ ತಿರುಗಿಸಿಬಿಡುತ್ತಾನೆ. ಈ ಮೂವರಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು? ಅಂದರೆ ನಿನ್ನ ನೆರೆಯವನು ಯಾರು ಅಂತ ಪಟ್ಟಿ ಕೇಳಬೇಡ, ನೀನು ಯಾರಿಗೆ ನೆರೆಯವನಾದೆ ಹೇಳು ಅಂತ.

ಈ ಕಥೆಯನ್ನು ಇವತ್ತು ನಮ್ಮ ಊರಿನಲ್ಲಿ ಹೇಳಬೇಕಾದರೆ ಸಮಾರ್ಯದವನ ಜಾಗದಲ್ಲಿ ಯಾರನ್ನಿಡಬೇಕು? ನಿಮಗೆ ಯಾರ ಮೇಲೆ ಸಿಟ್ಟಿದೆಯೋ ಅವರನ್ನು. ಯಾವ ಜಾತಿ, ಯಾವ ಧರ್ಮ, ಯಾವ ಪಕ್ಷ ಅಂದರೆ ನಿಮ್ಮ ಮುಖ ಗಂಟಾಗುತ್ತದೋ ಆ ಜಾಗದಿಂದ ಒಬ್ಬನನ್ನು. ಆಟೊದವನು ಯಾವ ಜನ ಅಂತ ನನ್ನನ್ನು ಕೇಳಿದವರು ಕಡಿಮೆ ಇಲ್ಲ. ಆಂಟಿ ಅದನ್ನು ಅವನ ಹತ್ತಿರ ಕೇಳಲೇ ಇಲ್ಲ. ಮಗನ ಹೆಸರನ್ನು ನಾನು ಇಲ್ಲಿ ಹೇಳಬಾರದು ಅಂದದ್ದೂ ಅದಕ್ಕೇ. "ಅವನ ಹೆಸರು ಬೇಡ ಅಂದ್ಮೇಲೆ ನಮ್ಮವನದ್ಯಾಕೆ? ಆ ಕಥೇಲಿ ಬಿದ್ದೋನ್ಗೂ ಹೆಸರಿಲ್ಲ, ಎತ್ತಿದೋನ್ಗೂ ಹೆಸರಿಲ್ಲ."

ಆ ಪೂಜೆ ಮುಗಿಸಿಕೊಂಡು ಬರುವಾಗ ನನ್ನ ತಲೆಯಲ್ಲಿ ಉಳಿದದ್ದು ಒಂದು ಕನ್ನಡ ಪದ. ನೆರೆ. ನೆರೆಹೊರೆ ಅಂತೀವಿ, ನೆರೆಮನೆ ಅಂತೀವಿ. ಜನ ನೆರೆದರು ಅಂತಲೂ ಅಂತೀವಿ. ಅಪಘಾತ ಆದಾಗ ನೆರೆಯುವವರು ಬೇರೆ, ನೆರೆಯವರು ಬೇರೆ. ಮೊದಲನೆಯವರಿಗೆ ಎಂದೂ ಬರ ಇಲ್ಲ.

2017ರ ಫೆಬ್ರವರಿ ತಿಂಗಳು. ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ 18 ವರ್ಷದ ಹುಡುಗನಿಗೆ ಬಸ್ ಬಡಿಯಿತು. ಸುತ್ತ ಜನ ನೆರೆದರು. ಅವನು ನೆರವು ಕೇಳುತ್ತಾ ರಕ್ತದಲ್ಲಿ ಬಿದ್ದಿದ್ದಾಗ ಫೋಟೊ ತೆಗೆದರು, ವಿಡಿಯೊ ಮಾಡಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು. ಇಡೀ ದೇಶ ಆ ವಿಡಿಯೊ ನೋಡಿತು.

ಹಾಗಂತ ಜನ ಕೆಟ್ಟವರು ಅಂತ ಷರಾ ಬರೆದು ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಮಂಡ್ಯದ ಜನವನ್ನೇ ನೋಡಿ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ ವಿ.ಸಿ. ನಾಲೆಗೆ ಬಿತ್ತು. 30 ಜನ ಸತ್ತರು. ಸ್ಕೂಲ್ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆವತ್ತು ಮೊದಲು ನೀರಿಗೆ ಇಳಿದವರು ಸುತ್ತಮುತ್ತಲ ಹಳ್ಳಿಯ ರೈತರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು, ದುಃಖದ ಮೇಲೆ ದುಃಖ, ಎಲ್ಲರ ಕಣ್ಣು ಆ ಕಡೆಗೆ ಹೋಯಿತು. ನಾಲೆಗೆ ಇಳಿದವರ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಮರುವರ್ಷ, 2019ರ ಫೆಬ್ರವರಿಯಲ್ಲಿ, ಪುಲ್ವಾಮಾದಲ್ಲಿ ಮಡಿದ ಗುಡಿಗೆರೆಯ ಯೋಧ ಎಚ್. ಗುರು ಊರಿಗೆ ಮರಳಿದಾಗ ಇದೇ ಕೆ.ಎಂ. ದೊಡ್ಡಿ ಸೀಮೆಯಲ್ಲಿ ಸಾವಿರಾರು ಜನ ನೆರೆದಿದ್ದರು. ಮನೆಮಗ ಹೋದ ಹಾಗೆ ಅತ್ತರು. ಇಂಥಾ ಜನ ರಾತ್ರಿ ರಸ್ತೆಯಲ್ಲಿ ಬಿದ್ದವನನ್ನು ಕಂಡಾಗ ಯಾಕೆ ನಿಲ್ಲುವುದಿಲ್ಲ?

ಭಯ. ಅಷ್ಟೇ.

ಮಾರ್ಟಿನ್ ಲೂಥರ್ ಕಿಂಗ್ ಇದನ್ನು ಬಹಳ ಚೆನ್ನಾಗಿ ಹಿಡಿದಿದ್ದರು. 1968ರ ಏಪ್ರಿಲ್ 3ರ ರಾತ್ರಿ. ಮೆಂಫಿಸ್ ಊರಿನ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಮಾತನಾಡುತ್ತಾ ಈ ಜೆರಿಕೋ ದಾರಿಯ ಕಥೆ ಎತ್ತಿಕೊಂಡರು. ತಾವೇ ಆ ದಾರಿಯಲ್ಲಿ ಕಾರಿನಲ್ಲಿ ಹೋಗಿದ್ದನ್ನು, ಅದರ ತಿರುವುಗಳನ್ನು ನೆನೆದರು. ಆ ಇಬ್ಬರು ಹೆದರಿರಬೇಕು ಅಂದರು. ನಾನು ನಿಂತರೆ ನನ್ನ ಗತಿ ಏನು ಅನ್ನುವುದು ಅವರ ಪ್ರಶ್ನೆ. ನಾನು ನಿಲ್ಲದಿದ್ದರೆ ಇವನ ಗತಿ ಏನು ಅನ್ನುವುದು ಸಮಾರ್ಯದವನ ಪ್ರಶ್ನೆ. ಇದು ಅವರ ಮಾತಿನ ಸಾರ. ಮಾರನೇ ದಿನ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 39.

ನಮ್ಮ ದೇಶದಲ್ಲಿ ಈ ಭಯವನ್ನು ಕಾನೂನಿನ ಮೂಲಕ ತೆಗೆಯಲು ಹೊರಟವರು ಪೀಯೂಷ್ ತಿವಾರಿ. 2007ರಲ್ಲಿ ಅವರ ಸೋದರ ಸಂಬಂಧಿ ಹುಡುಗನೊಬ್ಬ ರಸ್ತೆಯಲ್ಲಿ ರಕ್ತ ಸುರಿಸಿಕೊಂಡು ಸತ್ತ. ಯಾರೂ ನಿಲ್ಲಲಿಲ್ಲ. ಮರುವರ್ಷ ಅವರು ಸೇವ್‌ಲೈಫ್ ಫೌಂಡೇಶನ್ ಕಟ್ಟಿದರು, ಸುಪ್ರೀಂ ಕೋರ್ಟಿಗೆ ಹೋದರು. 2016ರ ಮಾರ್ಚ್ 30ರಂದು ತೀರ್ಪು ಬಂತು. ಅದೇ 2016ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಸೆಕ್ಷನ್ ಸೇರಿತು. ಆ ಸೆಕ್ಷನ್ನಿನ ಹೆಸರೇನು ಗೊತ್ತಾ? ಗುಡ್ ಸಮಾರಿಟನ್. ಆ ಕಥೆಯ ಸಮಾರ್ಯದವನೇ. ಎರಡು ಸಾವಿರ ವರ್ಷದ ಹಿಂದಿನ ಕಥೆಯ ಹೆಸರಿಲ್ಲದ ಮನುಷ್ಯ ಇವತ್ತು ಭಾರತದ ಕಾನೂನಿನ ಪುಸ್ತಕದಲ್ಲಿದ್ದಾನೆ.

ಈಗ ನಾನು ಹೇಳುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗಾಯಗೊಂಡವರನ್ನು ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದ ನಿಮ್ಮ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ ಕೇಸ್ ಹಾಕುವಂತಿಲ್ಲ. ಆ ವ್ಯಕ್ತಿ ಉಳಿಯದಿದ್ದರೂ ಅಷ್ಟೇ. ಪೊಲೀಸರು ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ನೀವಾಗಿ ಕೊಟ್ಟರೆ ಬೇರೆ ಮಾತು. 2020ರ ನಿಯಮಗಳು ಇದನ್ನು ಬಿಡಿಸಿ ಹೇಳಿವೆ. ಸಹಾಯ ಮಾಡಿದವರನ್ನು ಧರ್ಮ, ಜಾತಿ ನೋಡದೆ ಗೌರವದಿಂದ ನಡೆಸಿಕೊಳ್ಳಬೇಕು ಅಂತಲೂ ಅದರಲ್ಲಿದೆ. ಆಸ್ಪತ್ರೆಗಳು ಈ ಹಕ್ಕುಗಳ ಫಲಕವನ್ನು ಜನರ ಭಾಷೆಯಲ್ಲಿ ಬಾಗಿಲ ಬಳಿಯೇ ಹಾಕಬೇಕು. ನಮ್ಮ ಆಟೊ ಡ್ರೈವರ್ ಹೆಸರು ಹೇಳದೆ ಹೋದದ್ದು ತಪ್ಪಲ್ಲ, ಅವನ ಹಕ್ಕು. ಆ ಹಕ್ಕು ಇದೆ ಅಂತ ಅವನಿಗೆ ಗೊತ್ತಿರಲಿಲ್ಲ. ಹೆದರಿಕೊಂಡೇ ನಿಂತ. ಅವನಷ್ಟು ಎದೆಗಾರಿಕೆ ಇಲ್ಲದವರೂ ನಿಲ್ಲಲಿ ಅಂತ ಈ ಕಾನೂನು ಇದೆ.

ಎರಡನೇ ಭಯ ದುಡ್ಡಿನದು. ಸೇರಿಸಿದವರೇ ಕಟ್ಟಬೇಕಾಗುತ್ತೇನೋ ಅನ್ನುವುದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಸಾಯುವ ಗಳಿಗೆಯಲ್ಲೂ ನನ್ನ ಅಂಗಾಂಗ ದಾನ ಮಾಡಿ ಅಂದ ಗುಬ್ಬಿ ತಾಲ್ಲೂಕಿನ ಹರೀಶ್ ನಿಮಗೆ ನೆನಪಿರಬಹುದು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತದ ಗಾಯಾಳುಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿ ತನಕ ಉಚಿತ ಚಿಕಿತ್ಸೆ ಅಂತ. ಕೇಂದ್ರ ಸರ್ಕಾರ 2025ರ ಮೇ ತಿಂಗಳಿನಿಂದ ಏಳು ದಿನದ ತನಕ ಒಂದೂವರೆ ಲಕ್ಷದವರೆಗಿನ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆ ಜಾರಿಗೆ ತಂದಿದೆ. ಛತ್ರದವನ ಕೈಗೆ ಎರಡು ದಿನದ ಕೂಲಿ ಕೊಟ್ಟನಲ್ಲ ಸಮಾರ್ಯದವನು, ಆ ಹೊಣೆಯನ್ನು ಸರ್ಕಾರ ಹೊತ್ತುಕೊಳ್ಳುತ್ತೇನೆ ಅಂದಿದೆ. ಕಾಗದದಲ್ಲಿರುವುದು ಮದ್ದೂರು, ಮಳವಳ್ಳಿಯ ಆಸ್ಪತ್ರೆಯ ಕೌಂಟರಿಗೂ ಬರುವ ಹಾಗೆ ಕೇಳುವುದು ನಿಮ್ಮ ಕೆಲಸ, ನಮ್ಮ ಕೆಲಸ.

ಎರಡು ವಾರದ ಹಿಂದೆ, ನವೆಂಬರ್ 2ರಂದು ನಾನು ಮಳವಳ್ಳಿಗೆ ಹೋಗಿದ್ದೆ. ಕ್ರೈಸ್ತರು ತಮ್ಮ ತೀರಿಕೊಂಡವರನ್ನೆಲ್ಲ ನೆನೆಯುವ ದಿನ ಅದು. ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುವ ಹಾಗೆ ಅವರು ಸಮಾಧಿಗಳನ್ನು ತೊಳೆದು, ಹೂ ಇಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ವ್ಯತ್ಯಾಸ ಏನೆಂದರೆ ನಮ್ಮ ಎಡೆ ಹಿರಿಯರಿಗೆ. ಆಂಟಿ ಹಚ್ಚಬೇಕಾದದ್ದು ಮಗನಿಗೆ. ಮತ್ತೆ ಎದ್ದು ಬರುತ್ತಾನೆ, ನೋಡುತ್ತೇನೆ ಅನ್ನುವುದು ಅವರ ನಂಬಿಕೆ. ಅದನ್ನು ಅವರು ವಾದ ಮಾಡಿ ಹೇಳುವುದಿಲ್ಲ. ರಾಗಿ ಮೊಳೆಯುತ್ತೆ ಅನ್ನುವಷ್ಟು ಸಲೀಸಾಗಿ ಹೇಳುತ್ತಾರೆ.

ಅಲ್ಲಿವರೆಗೆ ಅವರು ಸುಮ್ಮನೆ ಕೂತಿಲ್ಲ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಭಾನುವಾರದ ಪೂಜೆ ಮುಗಿಸಿಕೊಂಡು ಚರ್ಚಿನ ಹುಡುಗರನ್ನು ಕಟ್ಟಿಕೊಂಡು ಕೆ.ಎಂ. ದೊಡ್ಡಿ ಕಡೆ ಬರುತ್ತಾರೆ. ಕೈಯಲ್ಲಿ ಒಂದು ಹಳೇ ಬಟ್ಟೆ, ಕತ್ತರಿ, ರೇಡಿಯಂ ಟೇಪಿನ ಸುರುಳಿ. ನಿಂತಿರುವ ಟ್ರ್ಯಾಕ್ಟರ್, ಎತ್ತಿನ ಗಾಡಿ ಒಂದೊಂದರ ಹಿಂದೆಯೂ ಮಣ್ಣು ಒರೆಸಿ, ಎರಡು ಪಟ್ಟಿ ಅಂಟಿಸುತ್ತಾರೆ. ಮೊದಲ ವರ್ಷ ಕೆಲವರು ಬೇಡ ಅಂದರಂತೆ. ಈಗ ತಾವೇ ನಿಲ್ಲಿಸಿ ಹಾಕಿಸಿಕೊಳ್ಳುತ್ತಾರೆ. ಆವತ್ತು ರಸ್ತೆಯಲ್ಲಿ ಗಾಡಿ ಬಿಟ್ಟು ಹೋದವನೂ ಒಂದು ಭಾನುವಾರ ಬಂದಿದ್ದ. ಅವನಿಗೂ ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ತಲೆ ತಗ್ಗಿಸಿ ನಿಂತಿದ್ದನಂತೆ. "ನೀವು ಏನಂದ್ರಿ ಆಂಟಿ?" ಅಂತ ಕೇಳಿದೆ. "ಏನನ್ನಲಿ. ಟೇಪಿನ ಆ ತುದಿ ಹಿಡ್ಕೊ ಅಂದೆ" ಅಂದರು. ಅವನ ಮೇಲಿನ ಕೇಸು ನಡೆಯುತ್ತಿದೆ. ಅದು ನಡೆಯಬೇಕು ಅಂತಲೂ ಅವರೇ ಹೇಳುತ್ತಾರೆ. ಕ್ಷಮಿಸುವುದು ಬೇರೆ, ಲೈಟ್ ಇಲ್ಲದ ಗಾಡಿಯನ್ನು ರಸ್ತೆಗೆ ಬಿಡುವುದು ಬೇರೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುವ ತಾಯಿಯನ್ನು ನಾನು ನೋಡಿದ್ದೇನೆ.

ವೀಕ್ಷಕರೇ, ಈ ಹಂಗಾಮಿನಲ್ಲಿ ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿಯಿಡೀ ಕಬ್ಬಿನ ಗಾಡಿಗಳು ಓಡಾಡುತ್ತವೆ. ಗಾಡಿ ಇರುವ ರೈತರಲ್ಲಿ ಒಂದು ಮಾತು. ಒಂದು ಸುರುಳಿ ರೇಡಿಯಂ ಟೇಪಿಗೆ ಒಂದು ಟ್ರೇಲರ್ ಕಬ್ಬಿನ ಬೆಲೆ ಏನೂ ಆಗುವುದಿಲ್ಲ. ಇವತ್ತು ಸಂಜೆಯೊಳಗೆ ಹಾಕಿಸಿ. ಗಾಡಿ ಕೆಟ್ಟು ನಿಂತರೆ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಸೊಪ್ಪೋ ಕಲ್ಲೋ ಇಟ್ಟು, ಟಾರ್ಚ್ ಹಿಡಿದು ಒಬ್ಬರು ನಿಲ್ಲಿ. ರಸ್ತೆಯಲ್ಲಿ ಹೋಗುವ ಉಳಿದ ನಮಗೆಲ್ಲ ಇನ್ನೊಂದು ಮಾತು. ಯಾರಾದರೂ ಬಿದ್ದಿದ್ದು ಕಂಡರೆ ಗಾಡಿ ಬದಿಗೆ ಹಾಕಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅಂದರೆ ಸಿಕ್ಕಿದ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಸೇರಿಸಿ. ಹೆಸರು ಕೇಳಿದರೆ ಹೇಳಿ, ಇಷ್ಟವಿಲ್ಲದಿದ್ದರೆ 134ಎ ಅನ್ನಿ. ಎಲ್ಲರೂ ಉಳಿಯುತ್ತಾರೆ ಅಂತ ನಾನು ಹೇಳಲಾರೆ. ಉಳಿಯದಿದ್ದರೂ ಯಾವುದೋ ಊರಿನ ಒಬ್ಬ ತಾಯಿಗೆ ಮಗನ ಕೈ ಹಿಡಿಯಲು ಮೂವತ್ತು ಗಂಟೆ ಸಿಗಬಹುದು. ಅದು ಸಣ್ಣದಲ್ಲ.

ಜೋಪಾನವಾಗಿ ಮನೆ ಸೇರಿಕೊಳ್ಳಿ. ಮುಂದಿನ ಭಾನುವಾರ ಸಿಗುತ್ತೇನೆ.